ಶಿಕ್ಷಕರ ಕಾಲೇಜಿನಲ್ಲಿ ಓದಿದ ಮೆಂಡಲೀವ್

ಹೋದ ಸಲದ ಬೋಧನಾಭ್ಯಾಸದ ಅವಧಿಯಲ್ಲಿ ನಾನು ಒಂದು ಪ್ರೌಢಶಾಲೆಯ ಹತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಧಾತುಗಳ ಆವರ್ತನೀಯ ವರ್ಗೀಕರಣ ತೆಗೆದುಕೊಂಡಿದ್ದರು. ಚಾರ್ಟು ಅಚ್ಚುಕಟ್ಟಾಗಿತ್ತು, ಧ್ವನಿ ಕೊನೆಯ ಬೆಂಚಿಗೂ ಕೇಳುತ್ತಿತ್ತು, ಪೀಠಿಕೆ ಪ್ರಶ್ನೆಗಳೂ ಸರಿಯಾಗಿದ್ದವು. ಮಕ್ಕಳು ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಇಪ್ಪತ್ತರವರೆಗೆ ಮಗ್ಗಿಯ ಹಾಗೆ ಒಪ್ಪಿಸಿದರು. ಇನ್ನೇನು ಗಂಟೆ ಹೊಡೆಯಬೇಕು, ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಈ ಮೆಂಡಲೀವ್ ಯಾವ ಕಾಲೇಜಿನಲ್ಲಿ ಓದಿದ್ದು, ಅವರಿಗೂ ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿತ್ತಾ ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ.

ಆ ಪ್ರಶ್ನೆ ನನ್ನನ್ನು ಬೆನ್ನು ಹತ್ತಲು ಒಂದು ಕಾರಣವಿದೆ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ರಸಾಯನಶಾಸ್ತ್ರದ ಒಂದು ಪತ್ರಿಕೆಯಲ್ಲಿ ನಪಾಸಾದವನು. ಓದಿರಲಿಲ್ಲ ಎಂದಲ್ಲ. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಎರಡರವರೆಗೆ ಕುಳಿತು ಗೈಡನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಆವರ್ತಕ ಕೋಷ್ಟಕದಲ್ಲಿ ಪರಮಾಣುವಿನ ಗಾತ್ರ ಯಾವ ಕಡೆ ಹೆಚ್ಚುತ್ತದೆ ಎಂದು ಬಾಣದ ಗುರುತು ಹಾಕುವಾಗ ತಿರುಗುಮುರುಗು ಮಾಡಿದೆ. ಒಂದು ಬಾಣ ತಪ್ಪಿದ ಮೇಲೆ ಅದನ್ನು ನಂಬಿಕೊಂಡ ಉತ್ತರಗಳೆಲ್ಲ ತಪ್ಪಿದವು. ಆ ಕೋಷ್ಟಕ ಯಾಕೆ ಹಾಗಿದೆ ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲವಾದ್ದರಿಂದ ತಪ್ಪನ್ನು ಹಿಡಿಯುವ ದಾರಿಯೇ ನನಗೆ ತಿಳಿದಿರಲಿಲ್ಲ. ಆ ಹುಡುಗಿ ಕೇಳಿದ್ದು ನಾನು ಇಪ್ಪತ್ತು ವರ್ಷದವನಿದ್ದಾಗ ಕೇಳಬೇಕಾಗಿದ್ದ ಪ್ರಶ್ನೆ.

ಅವತ್ತಿನಿಂದ ಮೆಂಡಲೀವರ ವಿದ್ಯಾರ್ಥಿ ದೆಸೆಯ ಬಗ್ಗೆ ಓದುತ್ತ ಹೋದೆ. ಮೊದಲ ಉತ್ತರವೇ ನನ್ನನ್ನು ಬೆಚ್ಚಿಬೀಳಿಸಿತು. ಅವರು ಓದಿದ್ದು ನಮ್ಮಂಥದೇ ಒಂದು ಕಾಲೇಜಿನಲ್ಲಿ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯಲ್ಲಿ.

ದ್ಮಿತ್ರಿ ಇವಾನೊವಿಚ್ ಮೆಂಡಲೀವ್ ಹುಟ್ಟಿದ್ದು 1834ರ ಫೆಬ್ರವರಿ 8ರಂದು, ಸೈಬೀರಿಯಾದ ತೊಬೋಲ್ಸ್ಕ್ ಎಂಬ ಊರಿನಲ್ಲಿ. ದೊಡ್ಡ ಸಂಸಾರದ ಕೊನೆಯ ಮಗ. ತಂದೆ ಇವಾನ್ ಪಾವ್ಲೊವಿಚ್ ಊರಿನ ಪ್ರೌಢಶಾಲೆಯ ಮುಖ್ಯಸ್ಥರು, ಪೀಟರ್ಸ್‌ಬರ್ಗಿನ ಶಿಕ್ಷಕರ ಸಂಸ್ಥೆಯಲ್ಲಿಯೇ ಓದಿ ಬಂದವರು. ಈ ಮಗ ಹುಟ್ಟಿದ ವರ್ಷವೇ ತಂದೆಯ ಕಣ್ಣು ಹೋಯಿತು. ಮುಂದೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಸ್ವಲ್ಪ ಮರಳಿದರೂ ಕೆಲಸ ಮರಳಲಿಲ್ಲ. ಪಿಂಚಣಿಯಲ್ಲಿ ಅಷ್ಟು ಮಕ್ಕಳ ಹೊಟ್ಟೆ ತುಂಬುವಂತಿರಲಿಲ್ಲ. ತಾಯಿ ಮರಿಯಾ ದ್ಮಿತ್ರಿಯೇವ್ನಾ ತನ್ನ ತವರಿನ ಕಡೆಯ ಒಂದು ಗಾಜಿನ ಕಾರ್ಖಾನೆಯನ್ನು ವಹಿಸಿಕೊಂಡು ನಡೆಸಿದಳು. ಹಳ್ಳಿಯ ಹೆಸರು ಅರೆಮ್‌ಜ್ಯಾಂಕಾ. ಮರಳು, ಕ್ಷಾರ ಕುಲುಮೆಯಲ್ಲಿ ಕರಗಿ ಗಾಜಾಗುವುದನ್ನು ನೋಡುತ್ತ ಹುಡುಗ ಬೆಳೆದ. ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾರಿಗೆ ಸಿಕ್ಕೀತು!

ಶಾಲೆಯಲ್ಲಿ ಅವನು ಮೊದಲ ಸಾಲಿನ ವಿದ್ಯಾರ್ಥಿಯಲ್ಲ. ಗಣಿತ, ಭೌತಶಾಸ್ತ್ರ, ಇತಿಹಾಸ ಹಿಡಿಸುತ್ತಿದ್ದವು. ಲ್ಯಾಟಿನ್ ಎಂದರೆ ಮಾತ್ರ ಆಗುತ್ತಿರಲಿಲ್ಲ. ಶಾಲೆ ಮುಗಿದ ದಿನ ಗೆಳೆಯರ ಜೊತೆ ಗುಡ್ಡದ ಮೇಲೆ ಹೋಗಿ ಲ್ಯಾಟಿನ್ ಪುಸ್ತಕಗಳನ್ನು ಸುಟ್ಟು ಹಬ್ಬ ಮಾಡಿದ ಎಂಬ ಕಥೆಯೂ ಇದೆ. ಅದೃಷ್ಟವಶಾತ್ ಮೇಷ್ಟರುಗಳು ಒಳ್ಳೆಯವರಿದ್ದರು. ಗೂನು ಬೆನ್ನಿನ ಕುದುರೆಯ ಕಥೆಯನ್ನು ಪದ್ಯದಲ್ಲಿ ಬರೆದು ರಷ್ಯದ ಮಕ್ಕಳಿಗೆಲ್ಲ ಗೊತ್ತಿರುವ ಪ್ಯೋತರ್ ಎರ್ಶೋವ್ ಅದೇ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ದ್ಮಿತ್ರಿಯ ಅಕ್ಕನನ್ನು ಮದುವೆಯಾಗಿದ್ದ ಬಸಾರ್ಗಿನ್, ಜಾರನ ವಿರುದ್ಧದ ಬಂಡಾಯದಲ್ಲಿ ಸೇರಿ ಸೈಬೀರಿಯಾಕ್ಕೆ ಗಡೀಪಾರಾದವನು. ಭಾವನ ಸಹವಾಸದಿಂದ ಹುಡುಗನಿಗೆ ವಿಜ್ಞಾನದ ರುಚಿ ಹತ್ತಿತು.

1847ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕಾರ್ಖಾನೆಗೆ ಬೆಂಕಿ ಬಿತ್ತು. ತಾಯಿಗೆ ಆಗ ಐವತ್ತು ದಾಟಿತ್ತು. ಉಳಿದ ಮಕ್ಕಳು ಬಹುಪಾಲು ತಂತಮ್ಮ ದಾರಿ ಹಿಡಿದಿದ್ದರು. ಇರುವ ಅಷ್ಟಿಷ್ಟನ್ನು ಮಾರಿ, ಕೊನೆಯ ಮಗನನ್ನೂ ಮಗಳು ಲೀಸಾಳನ್ನೂ ಕರೆದುಕೊಂಡು ಅವಳು 1849ರಲ್ಲಿ ಮಾಸ್ಕೋಗೆ ಹೊರಟಳು. ರೈಲು ಇಲ್ಲದ ಕಾಲ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಕುದುರೆಗಾಡಿಯಲ್ಲಿ. ಮಗನಿಗೆ ಕಾಲೇಜು ಸೀಟು ಹುಡುಕಿಕೊಂಡು ಬಸ್ಸಿನಲ್ಲಿ ಬರುವ ನಮ್ಮ ತಾಯಂದಿರನ್ನು ಪ್ರವೇಶದ ದಿನಗಳಲ್ಲಿ ನೋಡುವಾಗ ನನಗೆ ಈಗ ಮರಿಯಾ ನೆನಪಾಗುತ್ತಾಳೆ.

ಮಾಸ್ಕೋದಲ್ಲಿ ಸೀಟು ಸಿಗಲಿಲ್ಲ. ತೊಬೋಲ್ಸ್ಕಿನಲ್ಲಿ ಓದಿದವರು ಕಜಾನ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವರು, ಇಲ್ಲಿ ತೆಗೆದುಕೊಳ್ಳುವಂತಿಲ್ಲ ಎಂಬುದು ನಿಯಮ. ಮಾಸ್ಕೋದಲ್ಲಿದ್ದ ಸೋದರಮಾವನ ಪ್ರಭಾವವೂ ಕೆಲಸ ಮಾಡಲಿಲ್ಲ. ತಾಯಿ ಹಿಂತಿರುಗಲಿಲ್ಲ; ಮಕ್ಕಳೊಂದಿಗೆ ಮತ್ತೂ ಮುಂದಕ್ಕೆ, ಪೀಟರ್ಸ್‌ಬರ್ಗಿಗೆ ನಡೆದಳು. ಅಲ್ಲಿ ವೈದ್ಯಕೀಯ ಓದಿಸುವ ವಿಚಾರವೂ ಬಂದಿತ್ತು. ಶವ ಕೊಯ್ಯುವುದನ್ನು ನೋಡಿ ಹುಡುಗನಿಗೆ ತಲೆ ಸುತ್ತಿತೆಂದು ಹೇಳುತ್ತಾರೆ. ಕೊನೆಗೆ ಉಳಿದದ್ದು ತಂದೆ ಓದಿದ್ದ ಕೇಂದ್ರೀಯ ಶಿಕ್ಷಕ ಸಂಸ್ಥೆ. ಅಲ್ಲಿಯೂ ಪ್ರತಿ ವರ್ಷ ಪ್ರವೇಶವಿಲ್ಲ, ಎರಡು ವರ್ಷಕ್ಕೊಮ್ಮೆ. ಆ ವರ್ಷ ಪ್ರವೇಶದ ವರ್ಷವಲ್ಲ. ತಂದೆಯ ಹಳೆಯ ಪರಿಚಯದವರ ನೆರವಿನಿಂದ, ವಿನಾಯಿತಿಯ ಮೇಲೆ, 1850ರಲ್ಲಿ ದ್ಮಿತ್ರಿಗೆ ಸರ್ಕಾರಿ ಖರ್ಚಿನ ಸೀಟು ದೊರೆಯಿತು. ಊಟ, ವಸತಿ, ಬಟ್ಟೆ ಸಂಸ್ಥೆಯದು. ಓದು ಮುಗಿದ ಮೇಲೆ ಸರ್ಕಾರ ಕಳಿಸಿದ ಶಾಲೆಯಲ್ಲಿ ಪಾಠ ಮಾಡಬೇಕು ಎಂಬುದು ಷರತ್ತು.

ಮಗ ಸೇರಿದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡಳು. ಅಕ್ಕ ಲೀಸಾ ಕೂಡ ಹೆಚ್ಚು ಕಾಲ ಬದುಕಲಿಲ್ಲ. ಹದಿನಾರರ ಹುಡುಗ ಹಾಸ್ಟೆಲಿನಲ್ಲಿ, ಊರು ಅಷ್ಟು ದೂರ.

ಇಲ್ಲಿಂದ ಮುಂದಿನ ಐದು ವರ್ಷಗಳು ನನಗೆ ಅತ್ಯಂತ ಮುಖ್ಯವಾಗಿ ಕಂಡವು. ಕೋರ್ಸು ಅರ್ಧ ನಡೆದಿರುವಾಗ ಸೇರಿಕೊಂಡವನಾದ್ದರಿಂದ ಅವನು ಮೊದಲಿಗೆ ಹಿಂದೆ ಬಿದ್ದ. ಪಾಠದ ಮೊದಲ ಭಾಗ ಕೇಳದೆ ಎರಡನೆಯ ಭಾಗವನ್ನು ಅರ್ಥ ಮಾಡಿಕೊಳ್ಳಬೇಕಿತ್ತು. ಅದರ ಜೊತೆಗೆ ಆರೋಗ್ಯ ಕೆಟ್ಟಿತು. ಗಂಟಲಿನಿಂದ ರಕ್ತ ಬೀಳತೊಡಗಿತು. ಕ್ಷಯ ಎಂದರು. ತಿಂಗಳುಗಟ್ಟಲೆ ಸಂಸ್ಥೆಯ ಆಸ್ಪತ್ರೆ ಕೋಣೆಯಲ್ಲಿ ಮಲಗಿರಬೇಕಾಯಿತು. ಸುತ್ತು ಬಂದ ವೈದ್ಯರು ಇವನು ಇನ್ನು ಏಳುವುದಿಲ್ಲವೆಂದು ಮೇಲಧಿಕಾರಿಗೆ ಹೇಳಿದ್ದು ಮಲಗಿದ್ದವನ ಕಿವಿಗೆ ಬಿತ್ತಂತೆ. ಗೆಳೆಯರು ತರಗತಿಯ ಟಿಪ್ಪಣಿ, ಪುಸ್ತಕ ತಂದುಕೊಡುತ್ತಿದ್ದರು. ಹಾಸಿಗೆಯಲ್ಲಿ ಒರಗಿಕೊಂಡೇ ಪರೀಕ್ಷೆಗೆ ಓದಿದ.

ಏನೇನು ಓದಬೇಕಿತ್ತು ನೋಡಿ. ಗಣಿತಕ್ಕೆ ಒಸ್ತ್ರೊಗ್ರಾದ್‌ಸ್ಕಿ, ಭೌತಶಾಸ್ತ್ರಕ್ಕೆ ಲೆಂಜ್. ನಾವು ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿ ಕಲಿಸುವ ಲೆಂಜ್‌ನ ನಿಯಮದ ಅದೇ ಲೆಂಜ್. ಪ್ರಾಣಿಶಾಸ್ತ್ರಕ್ಕೆ ಬ್ರಾಂಟ್, ಖನಿಜಶಾಸ್ತ್ರಕ್ಕೆ ಕುತೋರ್ಗಾ, ರಸಾಯನಶಾಸ್ತ್ರಕ್ಕೆ ವೊಸ್ಕ್ರೆಸೆನ್‌ಸ್ಕಿ. ಸಂಸ್ಥೆಯೂ ವಿಶ್ವವಿದ್ಯಾಲಯವೂ ಒಂದೇ ಉದ್ದನೆಯ ಕಟ್ಟಡದಲ್ಲಿದ್ದವು, ಪ್ರಾಧ್ಯಾಪಕರೂ ಬಹುಮಟ್ಟಿಗೆ ಅವರೇ. ಶಿಕ್ಷಕರಾಗುವವರಿಗೆ ಇಷ್ಟು ಸಾಕು ಎಂದು ಯಾರೂ ವಿಷಯವನ್ನು ತೆಳು ಮಾಡಿ ಬಡಿಸಲಿಲ್ಲ. ನಮ್ಮಲ್ಲಿ ವಿಧಾನ ಬೇರೆ, ವಿಷಯ ಬೇರೆ ಎಂದು ಎರಡು ಕಪಾಟಿನಲ್ಲಿಟ್ಟು ಬೀಗ ಹಾಕುವ ಅಭ್ಯಾಸ ನೋಡಿದಾಗ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕೆನಿಸುತ್ತದೆ.

ವೊಸ್ಕ್ರೆಸೆನ್‌ಸ್ಕಿ ಜರ್ಮನಿಯಲ್ಲಿ ಲೀಬಿಗ್ ಬಳಿ ಕಲಿತು ಬಂದವರು. ತಾವೇ ಹೆಚ್ಚು ಬರೆದವರಲ್ಲ, ಶಿಷ್ಯರನ್ನು ಬೆಳೆಸಿದವರು. ಕಷ್ಟದ ಪ್ರಯೋಗ ಎಂದು ಹುಡುಗರು ಹಿಂಜರಿದರೆ, ಮಡಕೆ ಸುಡುವವರೇನೂ ದೇವರುಗಳಲ್ಲ ಎಂಬರ್ಥದ ಗಾದೆಯೊಂದನ್ನು ನೆನಪಿಸಿ ಕೆಲಸಕ್ಕೆ ಹಚ್ಚುತ್ತಿದ್ದರಂತೆ. ಅವರ ಕೈಕೆಳಗೆ ದ್ಮಿತ್ರಿ ಫಿನ್ಲೆಂಡಿನಿಂದ ಬಂದ ಆರ್ಥೈಟ್ ಎಂಬ ಖನಿಜವನ್ನು ವಿಶ್ಲೇಷಿಸಿದ. 1854ರಲ್ಲಿ ಅದು ಅಚ್ಚಾಯಿತು. ಇನ್ನೂ ವಿದ್ಯಾರ್ಥಿ ಆಗ. ಕೊನೆಯ ವರ್ಷದ ಪ್ರಬಂಧಕ್ಕೆ ಅವನು ಆರಿಸಿಕೊಂಡದ್ದು ಐಸೋಮಾರ್ಫಿಸಂ. ಬೇರೆ ಬೇರೆ ವಸ್ತುಗಳು ಒಂದೇ ಆಕಾರದ ಹರಳುಗಳಾಗುವ ಸಂಗತಿ. ಅಂದರೆ, ಹೊರಗೆ ಬೇರೆಯಾಗಿ ಕಾಣುವವುಗಳಲ್ಲಿ ಹೋಲಿಕೆ ಹುಡುಕುವುದು. ಈ ಚಟ ಅವನಿಗೆ ಹತ್ತಿದ್ದು ಪರೀಕ್ಷೆಗೆ ಓದುವ ಕಾಲದಲ್ಲಿಯೇ ಎಂಬುದು ನನ್ನ ಎಣಿಕೆ. ಒಂದೊಂದು ವಸ್ತುವನ್ನು ಬಿಡಿಬಿಡಿಯಾಗಿ ನೆನಪಿಡುವವನು ಈ ವಿಷಯ ಎತ್ತಿಕೊಳ್ಳುವುದಿಲ್ಲ.

1855ರಲ್ಲಿ ಅವನು ಚಿನ್ನದ ಪದಕದೊಂದಿಗೆ ಹೊರಬಂದ. ಆ ಸಂಸ್ಥೆ ಮುಂದೆ ನಾಲ್ಕು ವರ್ಷಕ್ಕೆ ಮುಚ್ಚಿಹೋಯಿತು.

ಷರತ್ತಿನಂತೆ ಶಾಲೆಗೆ ಹೋಗಬೇಕು. ಎದೆಯ ಕಾಯಿಲೆಗೆ ಬೆಚ್ಚನೆಯ ಹವೆ ಬೇಕೆಂದು ದಕ್ಷಿಣದ ಒಡೆಸ್ಸಾ ಕೇಳಿದ್ದ, ಸಿಕ್ಕಿದ್ದು ಕ್ರಿಮಿಯಾದ ಸಿಂಫೆರೊಪೊಲ್. ಅಲ್ಲಿ ಯುದ್ಧ ನಡೆಯುತ್ತಿತ್ತು. ಶಾಲೆ ಮುಚ್ಚಿತ್ತು, ಊರಿನ ತುಂಬ ಗಾಯಾಳುಗಳು. ಮೊದಲ ನೇಮಕಾತಿಯಲ್ಲೇ ಮಕ್ಕಳಿಲ್ಲದ ಶಾಲೆ! ಆದರೆ ಗಾಯಾಳುಗಳ ಚಿಕಿತ್ಸೆಗೆಂದು ಬಂದಿದ್ದ ಹೆಸರಾಂತ ಶಸ್ತ್ರವೈದ್ಯ ಪಿರಗೋವ್ ಇವನನ್ನು ಪರೀಕ್ಷಿಸಿ, ಸಾಯುವಂಥ ಕಾಯಿಲೆ ಏನೂ ಇಲ್ಲ, ಬಹಳ ಕಾಲ ಬದುಕುತ್ತೀಯ ಎಂದು ಹೇಳಿ ಕಳಿಸಿದರು. ಐದು ವರ್ಷ ಸಾವನ್ನು ಪಕ್ಕದಲ್ಲಿಟ್ಟುಕೊಂಡು ಓದಿದವನಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಕೆಲವು ತಿಂಗಳು ಒಡೆಸ್ಸಾದಲ್ಲಿ ಪಾಠ ಮಾಡಿ, 1856ರಲ್ಲಿ ಪೀಟರ್ಸ್‌ಬರ್ಗಿಗೆ ಹಿಂತಿರುಗಿ ಸ್ನಾತಕೋತ್ತರ ಪ್ರಬಂಧ ಮಂಡಿಸಿದ.

ನಂತರದ ಹತ್ತು ವರ್ಷಗಳನ್ನು ಬೇಗ ದಾಟುತ್ತೇನೆ. ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ. 1860ರಲ್ಲಿ ಕಾರ್ಲ್ಸ್‌ರೂಹೆಯ ರಸಾಯನಶಾಸ್ತ್ರಜ್ಞರ ಸಮ್ಮೇಳನ. ಪರಮಾಣು ತೂಕಗಳ ಲೆಕ್ಕದಲ್ಲಿದ್ದ ಗೊಂದಲವನ್ನು ಇಟಲಿಯ ಕನಿಜಾರೊ ಬಿಡಿಸಿದ್ದನ್ನು ಮೆಂಡಲೀವ್ ಅಲ್ಲಿ ಕುಳಿತು ಕೇಳಿದರು. ಊರಿಗೆ ಬಂದಾಗ ಕೈಯಲ್ಲಿ ಕೆಲಸವೂ ಇಲ್ಲ, ಹಣವೂ ಇಲ್ಲ. ಕೆಲವೇ ತಿಂಗಳಲ್ಲಿ ಸಾವಯವ ರಸಾಯನಶಾಸ್ತ್ರದ ಪಠ್ಯಪುಸ್ತಕ ಬರೆದು ಮುಗಿಸಿದರು. ಅದಕ್ಕೆ ದೆಮಿದೋವ್ ಬಹುಮಾನ ಬಂತು. 1865ರಲ್ಲಿ ಡಾಕ್ಟರೇಟ್, 1867ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ರಸಾಯನಶಾಸ್ತ್ರದ ಪ್ರಾಧ್ಯಾಪಕ ಹುದ್ದೆ.

ಈಗ ಆ ಹುಡುಗಿಯ ಪ್ರಶ್ನೆಯ ಎರಡನೇ ಭಾಗಕ್ಕೆ ಬರೋಣ. ಹೊಸ ಪ್ರಾಧ್ಯಾಪಕರಿಗೆ ಮೊದಲ ವರ್ಷದವರಿಗೆ ಹೇಳಿ ಕೊಡುವಂಥ ರಷ್ಯನ್ ಪುಸ್ತಕ ಸಿಗಲಿಲ್ಲ. ತಾವೇ ಬರೆಯಲು ಕುಳಿತರು. ಅದೇ ಮುಂದೆ ಪ್ರಸಿದ್ಧವಾದ ರಸಾಯನಶಾಸ್ತ್ರದ ಮೂಲತತ್ವಗಳು ಎಂಬ ಪಠ್ಯ. ಆಗ ಗೊತ್ತಿದ್ದ ಧಾತುಗಳು 63. ಮೊದಲ ಸಂಪುಟದಲ್ಲಿ ನೀರು, ಗಾಳಿ, ಉಪ್ಪು ಎಂದು ತಿಳಿದ ವಸ್ತುಗಳಿಂದ ಆರಂಭಿಸಿ ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಮತ್ತು ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳನ್ನು ವಿವರಿಸಿದರು. ಎಂಟು ಧಾತುಗಳಿಗೆ ಒಂದು ಸಂಪುಟ ಮುಗಿಯಿತು. ಉಳಿದ 55ಕ್ಕೆ ಇನ್ನೊಂದೇ ಸಂಪುಟ. ತಿಳಿದದ್ದರಿಂದ ತಿಳಿಯದ್ದಕ್ಕೆ ಎಂಬ ಸೂತ್ರ ಹಿಡಿದು ಪಾಠ ಹಿಗ್ಗಿಸಿ, ಅವಧಿ ಮುಗಿಯುವಾಗ ಪಾಠಾಂಶ ಉಳಿಸಿಕೊಳ್ಳುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಈ ಸಂಗತಿ ಹೇಳಿದರೆ ಮುಖ ಅರಳುತ್ತದೆ.

ಎರಡನೇ ಸಂಪುಟವನ್ನು ಸೋಡಿಯಂ, ಪೊಟ್ಯಾಸಿಯಂಗಳ ಕುಟುಂಬದಿಂದ ಶುರು ಮಾಡಿದರು. ಅದಾದ ಮೇಲೆ ಯಾವುದು? ಇಲ್ಲಿ ಅವರು ನಿಂತರು. ಪಾಠದ ಕ್ರಮಕ್ಕೊಂದು ಕಾರಣ ಬೇಕು. ಇಲ್ಲದಿದ್ದರೆ 55 ಧಾತುಗಳು 55 ಬಿಡಿ ಪಾಠಗಳಾಗುತ್ತವೆ, ವಿದ್ಯಾರ್ಥಿ ಉರು ಹೊಡೆಯದೆ ಬೇರೆ ದಾರಿಯಿಲ್ಲ. ಹಾಗಾಗಿ ಅವರು ಕುಟುಂಬಗಳನ್ನು ಪಕ್ಕಪಕ್ಕ ಇಟ್ಟು ಪರಮಾಣು ತೂಕಗಳನ್ನು ನೋಡಿದರು. ಫ್ಲೋರಿನ್ 19, ಪಕ್ಕದಲ್ಲಿ ಸೋಡಿಯಂ 23. ಕ್ಲೋರಿನ್ 35.5, ಪಕ್ಕದಲ್ಲಿ ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಅತ್ಯಂತ ಚುರುಕಾದ ಲೋಹಗಳು ಅತ್ಯಂತ ಚುರುಕಾದ ಅಲೋಹಗಳ ಪಕ್ಕಕ್ಕೇ ಬಂದು ಕುಳಿತಿವೆ, ಅದೂ ಪ್ರತಿ ಸಾಲಿನಲ್ಲಿ. ಮುಂದಿನ ಹೆಜ್ಜೆಗೆ ಕ್ಯಾಲ್ಸಿಯಂ 40, ಸ್ಟ್ರಾಂಷಿಯಂ 87.6, ಬೇರಿಯಂ 137. ಗುಣಗಳು ಮರಳಿ ಮರಳಿ ಬರುತ್ತವೆ.

1869ರ ಮಾರ್ಚ್ 1, ರಷ್ಯದ ಹಳೆಯ ಪಂಚಾಂಗದಲ್ಲಿ ಫೆಬ್ರವರಿ 17. ಅಂದು ಅವರು ಗಿಣ್ಣು ತಯಾರಿಸುವ ಘಟಕಗಳನ್ನು ನೋಡಲು ಪ್ರಯಾಣ ಹೊರಡಬೇಕಿತ್ತು. ಆ ಬಗ್ಗೆ ಬಂದಿದ್ದ ಪತ್ರದ ಹಿಂಬದಿಯಲ್ಲೇ ಲೆಕ್ಕ ಗೀಚಿದ್ದು ಇಂದಿಗೂ ಉಳಿದಿದೆ. ಕೋಷ್ಟಕ ಅವರಿಗೆ ಕನಸಿನಲ್ಲಿ ಕಂಡಿತೆಂಬ ಕಥೆಯನ್ನು ನಾನು ತರಗತಿಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಮಕ್ಕಳಿಗೆ ರುಚಿಸುತ್ತದೆ ನಿಜ, ಆದರೆ ಹಾಸಿಗೆಯಲ್ಲಿ ಓದಿದ ಪರೀಕ್ಷೆ, ಹರಳುಗಳ ಪ್ರಬಂಧ, ಅರ್ಧಕ್ಕೆ ನಿಂತ ಪಠ್ಯಪುಸ್ತಕ ಎಲ್ಲವನ್ನೂ ಅದು ಒಂದೇ ನಿದ್ದೆಯಲ್ಲಿ ಅಳಿಸಿಹಾಕುತ್ತದೆ. ಕೆಲವು ದಿನಗಳ ನಂತರ ಹೊಸದಾಗಿ ಹುಟ್ಟಿದ್ದ ರಷ್ಯನ್ ರಸಾಯನಶಾಸ್ತ್ರ ಸಂಘದಲ್ಲಿ ಅವರ ಪರವಾಗಿ ಮೆನ್ಷುಟ್ಕಿನ್ ಪ್ರಬಂಧ ಓದಿದರು.

ಕೋಷ್ಟಕದಲ್ಲಿ ಕೆಲವೆಡೆ ಗುಣ ಹೇಳುವ ಜಾಗವೇ ಬೇರೆ, ತೂಕ ಹೇಳುವ ಜಾಗವೇ ಬೇರೆಯಾಗಿತ್ತು. ಟೆಲ್ಲುರಿಯಂ 128, ಅಯೋಡಿನ್ 127. ತೂಕದಂತೆ ಹೋದರೆ ಅಯೋಡಿನ್ ಮೊದಲು ಬರಬೇಕು, ಆಗ ಅದು ಕ್ಲೋರಿನ್ ಕುಟುಂಬದಿಂದ ಆಚೆ ಬೀಳುತ್ತದೆ. ಅವರು ಗುಣಕ್ಕೆ ಬೆಲೆ ಕೊಟ್ಟರು, ತೂಕವನ್ನು ಯಾರೋ ತಪ್ಪಾಗಿ ಅಳೆದಿದ್ದಾರೆ ಎಂದರು. ಜಾಗ ಸರಿಯಾಗಿತ್ತು, ಅವರು ಕೊಟ್ಟ ಕಾರಣ ಸರಿಯಿರಲಿಲ್ಲ. ಪರಮಾಣು ಸಂಖ್ಯೆಯ ಅರ್ಥ ತಿಳಿದದ್ದು ಅವರ ಕಾಲದ ನಂತರ. ಯುರೇನಿಯಂ, ಇಂಡಿಯಂಗಳ ತೂಕವನ್ನು ತಿದ್ದಿದ್ದು ಮಾತ್ರ ಸರಿಹೋಯಿತು. ಮುಪ್ಪಿನಲ್ಲಿ ಹೈಡ್ರೋಜನ್‌ಗಿಂತ ಹಗುರವಾದ ಧಾತುಗಳನ್ನೂ ಊಹಿಸಿದರು, ಅಂಥವು ಇರಲಿಲ್ಲ. ಈ ತಪ್ಪುಗಳನ್ನೂ ನಾನು ಮಕ್ಕಳಿಗೆ ಹೇಳುತ್ತೇನೆ.

ಖಾಲಿ ಬಿಟ್ಟ ಮನೆಗಳ ಕಥೆ ಪಠ್ಯಪುಸ್ತಕದಲ್ಲೇ ಇದೆ. ಅಲ್ಯೂಮಿನಿಯಂ ಕೆಳಗಿನದಕ್ಕೆ ಏಕ-ಅಲ್ಯೂಮಿನಿಯಂ, ಬೋರಾನ್‌ನ ನಂತರದ್ದಕ್ಕೆ ಏಕ-ಬೋರಾನ್, ಸಿಲಿಕಾನ್ ಕೆಳಗಿನದಕ್ಕೆ ಏಕ-ಸಿಲಿಕಾನ್ ಎಂದು ಹೆಸರಿಟ್ಟು, 1871ರಲ್ಲಿ ಅವುಗಳ ಗುಣಗಳನ್ನು ಬರೆದಿಟ್ಟರು. ಈ ಏಕ ನಮ್ಮ ಸಂಸ್ಕೃತದ ಏಕವೇ. ಲ್ಯಾಟಿನ್ ಪುಸ್ತಕ ಸುಟ್ಟವನು ಸಂಸ್ಕೃತಕ್ಕೆ ಬಂದನಲ್ಲ ಎಂದು ನನಗೆ ತಮಾಷೆಯೆನಿಸುತ್ತದೆ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಎಂದರು. ಆ ಲೋಹವನ್ನು ಕಣ್ಣಿನಿಂದಲೂ ಕಂಡಿರದ ಮೆಂಡಲೀವ್, ಅದು 5.9ರ ಆಸುಪಾಸು ಇರಬೇಕು, ಶುದ್ಧಮಾಡಿ ಮತ್ತೆ ಅಳೆಯಿರಿ ಎಂದು ತಿಳಿಸಿದರು. ಮತ್ತೆ ಅಳೆದಾಗ 5.9 ಬಂತು. 1879ರಲ್ಲಿ ನಿಲ್ಸನ್ ಸ್ಕ್ಯಾಂಡಿಯಂ ಕಂಡರು, 1886ರಲ್ಲಿ ವಿಂಕ್ಲರ್ ಜರ್ಮೇನಿಯಂ ಕಂಡರು. ನನ್ನ ಬಾಣದ ಗುರುತಿಗೆ ಇಲ್ಲದೆಹೋದದ್ದು ಇದೇ. ಕೋಷ್ಟಕ ಅರ್ಥವಾದವನು ಅಳತೆಯ ತಪ್ಪನ್ನೂ ದೂರದಿಂದಲೇ ಹಿಡಿಯಬಲ್ಲ.

1887ರಲ್ಲಿ ದ್ರಾವಣಗಳ ಮೇಲೆ ಬರೆದ ದೊಡ್ಡ ಗ್ರಂಥವನ್ನು ಮೆಂಡಲೀವ್ ತಾಯಿಗೆ ಅರ್ಪಿಸಿದರು. ಆಕೆ ಕಾರ್ಖಾನೆ ನಡೆಸಿ ಸಾಕಿದ್ದನ್ನೂ, ಕೊನೆಯ ಕಾಸನ್ನೂ ಉಳಿದ ಶಕ್ತಿಯನ್ನೂ ಮಗನ ಓದಿಗೆ ಸುರಿದದ್ದನ್ನೂ ಅಲ್ಲಿ ನೆನೆದಿದ್ದಾರೆ. ಆಗ ಅವರಿಗೆ 53 ವರ್ಷ. 1890ರಲ್ಲಿ ವಿದ್ಯಾರ್ಥಿಗಳ ಮನವಿಯೊಂದನ್ನು ಶಿಕ್ಷಣ ಮಂತ್ರಿಗೆ ತಲುಪಿಸಲು ಹೋದರು. ಮಂತ್ರಿ ಅದನ್ನು ಹಿಂದಿರುಗಿಸಿದ್ದಕ್ಕೆ ವಿಶ್ವವಿದ್ಯಾಲಯವನ್ನೇ ಬಿಟ್ಟರು. ಕೊನೆಯ ವರ್ಷಗಳಲ್ಲಿ ದೇಶದ ತೂಕ ಮತ್ತು ಅಳತೆಗಳ ಸಂಸ್ಥೆಯನ್ನು ನಡೆಸಿದರು. 1907ರ ಫೆಬ್ರವರಿ 2ರಂದು ತೀರಿಕೊಂಡರು. ಶವಯಾತ್ರೆಯಲ್ಲಿ ವಿದ್ಯಾರ್ಥಿಗಳು ಆವರ್ತಕ ಕೋಷ್ಟಕವನ್ನು ಎತ್ತಿ ಹಿಡಿದು ನಡೆದರು. 1955ರಲ್ಲಿ ತಯಾರಾದ 101ನೇ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಟ್ಟಿದ್ದಾರೆ.

ಎರಡು ವಾರ ಬಿಟ್ಟು ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಯಲ್ಲಿ ಪುನರಾವರ್ತನೆಯ ಪಾಠ ಮಾಡಿದರು. ನಾನು ಕಥೆ ಹೇಳಿದ್ದೆ, ಉಪಾಯ ಅವರದು. ಚಾರ್ಟನ್ನು ಮಡಚಿ ಮೂಲೆಯಲ್ಲಿಟ್ಟರು. ಹಳೆಯ ಮದುವೆ ಕರೆಯೋಲೆಗಳ ಬೆನ್ನಮೇಲೆ ಧಾತುವಿನ ಹೆಸರು, ತೂಕ, ಒಂದೆರಡು ಗುಣ ಬರೆದ ಚೀಟಿಗಳನ್ನು ಗುಂಪಿಗೆ ಹನ್ನೆರಡರಂತೆ ಹಂಚಿದರು. ಒಂದೊಂದು ಗುಂಪಿನಲ್ಲೂ ಬೇಕೆಂದೇ ಒಂದು ಚೀಟಿ ಬಚ್ಚಿಟ್ಟಿದ್ದರು. ಹತ್ತು ನಿಮಿಷ ಗದ್ದಲವೋ ಗದ್ದಲ. ಪಕ್ಕದ ಕೋಣೆಯ ಮೇಷ್ಟರು ಒಮ್ಮೆ ಇಣುಕಿ ಹೋದರು. ಆ ಹುಡುಗಿಯ ಗುಂಪು ಚೀಟಿಗಳನ್ನು ಜೋಡಿಸಿ, ಇಲ್ಲಿ ಒಂದು ಕಡಿಮೆಯಿದೆ, ಅದರ ತೂಕ 40ರ ಹತ್ತಿರ ಇರಬೇಕು, ಪೊಟ್ಯಾಸಿಯಮ್ಮಿನಷ್ಟು ಚುರುಕಿರಬಾರದು ಎಂದಿತು. ಪ್ರಶಿಕ್ಷಣಾರ್ಥಿ ಜೇಬಿನಿಂದ ಕ್ಯಾಲ್ಸಿಯಂ ಚೀಟಿ ತೆಗೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಕಪ್ಪುಹಲಗೆಯ ಸಾರಾಂಶ ಆಗಲಿಲ್ಲ, ಮೌಲ್ಯಮಾಪನ ಪ್ರಶ್ನೆ ಕೇಳಲಿಲ್ಲ, ಮನೆಗೆಲಸವನ್ನೂ ಕೊಡಲಿಲ್ಲ. ಈ ಮೂರೂ ಆಗಲಿಲ್ಲವೆಂದು ವೀಕ್ಷಣಾ ಪುಸ್ತಕದಲ್ಲಿ ಬರೆದು, ಆ ಅವಧಿಯ ಅಂಕಗಳ ಮನೆಯಲ್ಲಿ ಅದುವರೆಗೆ ಯಾರಿಗೂ ಕೊಡದಷ್ಟು ಅಂಕ ಹಾಕಿ ಸಹಿ ಮಾಡಿದೆ.